ಅಳಿಸುವ ಮೊದಲು ಪಾಲುಪಟ್ಟಿ ನೋಡಿ



ಗಡಿಯಾಚೆಯ ಕನ್ನಡ ಶಾಲೆಗಳ ಪ್ರಸ್ತಾಪ ಬಂದಾಗಲೆಲ್ಲ ನಾವು ಆಡುವ ಮಾತುಗಳು ನಿಮಗೂ ನನಗೂ ಬಾಯಿಪಾಠವಾಗಿವೆ. ಕನ್ನಡ ಬಲ್ಲ ಅಧ್ಯಾಪಕರ ನೇಮಕಾತಿ, ತಡವಾಗಿ ಬರುವ ಪಠ್ಯಪುಸ್ತಕ, ಡಿವಿಷನ್ ಉಳಿಯಲು ಬೇಕಾದ ಮಕ್ಕಳ ಲೆಕ್ಕ. ಇವು ಯಾವುವೂ ಸಣ್ಣ ವಿಷಯಗಳಲ್ಲ. ಇಂದು ಮಾತ್ರ ಅವುಗಳನ್ನು ಬದಿಗಿರಿಸಿ, ನೋಡಲು ಅತ್ಯಲ್ಪವೆನಿಸುವ ಒಂದು ವಿದ್ಯೆಯ ಕುರಿತು ಬರೆಯುತ್ತಿದ್ದೇನೆ. ಕಂಪ್ಯೂಟರಿನ ಡಿಸ್ಕನ್ನು ಎಷ್ಟು ಪಾಲು ಮಾಡಲಾಗಿದೆ, ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ, ಅದರೊಳಗೆ ಏನಿದೆ ಎಂಬುದನ್ನು ಒಂದು ಸಾಲಿನ ಕಮಾಂಡ್ ಬರೆದು ನೋಡಿಕೊಳ್ಳುವ ವಿದ್ಯೆ ಅದು. ಕನ್ನಡ ಎಂ.ಎ. ಮಾಡಿದ ನಿವೃತ್ತ ಮುಖ್ಯೋಪಾಧ್ಯಾಯನಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ನನ್ನ ಅಜ್ಞಾನದಿಂದ ಒಂದು ಶಾಲೆ ಏನನ್ನು ಕಳೆದುಕೊಂಡಿತು ಎಂಬುದನ್ನು ಹೇಳಿದರೆ ಉತ್ತರ ತಾನಾಗಿ ದೊರೆಯುತ್ತದೆ.

ನಾನು ಕಾಸರಗೋಡಿನವನು. ಹೆಸರು ಬೇಡ, ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಕಿಟಕಿಯ ಬದಿಗೆ ಹಳೆಯದೊಂದು ಯಂತ್ರವಿತ್ತು. ಕನ್ನಡ ಅಧ್ಯಾಪಕರು ವರ್ಷಗಟ್ಟಲೆ ತಾವೇ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು, ಅಭ್ಯಾಸ ಹಾಳೆಗಳು ಅದರಲ್ಲಿದ್ದವು. ಅಚ್ಚಾದ ಸಾಮಗ್ರಿ ಬೇರೆ ಮಾಧ್ಯಮಗಳಿಗೆ ದೊರೆತಷ್ಟು ಸುಲಭವಾಗಿ ನಮಗೆ ದೊರೆಯದು. ಆದ್ದರಿಂದ ಅವು ನಮ್ಮ ಪಾಲಿಗೆ ಎರಡನೆಯ ಪಠ್ಯಪುಸ್ತಕವೇ ಆಗಿದ್ದವು. ಅವುಗಳಿಗಿಂತ ಮಿಗಿಲಾದುದು ಇನ್ನೊಂದಿತ್ತು. ಎಂಟನೆಯ ತರಗತಿಯ ಮಕ್ಕಳು ಮೂರು ವರ್ಷಗಳ ಕಾಲ ತಂತಮ್ಮ ಮನೆಯ ಹಿರಿಯರಿಂದ ಕೇಳಿ ಧ್ವನಿಮುದ್ರಿಸಿ ತಂದಿದ್ದ ಹಾಡು, ಒಗಟು, ಕಥೆಗಳು. ಕೆಲವು ಕನ್ನಡದಲ್ಲಿ, ಕೆಲವು ತುಳುವಿನಲ್ಲಿ, ಕೆಲವು ಹವ್ಯಕರ ಮನೆಮಾತಿನಲ್ಲಿ. ತಾಳಮದ್ದಳೆಯ ಹಳೆಯ ಅರ್ಥಧಾರಿಯೊಬ್ಬರು ತಮ್ಮ ಜಗಲಿಯಲ್ಲಿ ಕುಳಿತು ಮಕ್ಕಳೊಡನೆ ಆಡಿದ ಮಾತುಗಳೂ ಇದ್ದವು. ಇವುಗಳನ್ನೆಲ್ಲ ಅಧ್ಯಾಪಕರೊಬ್ಬರು ಡಿಸ್ಕಿನ ಬೇರೆಯೇ ಒಂದು ಪಾಲಿನಲ್ಲಿ ಇರಿಸಿದ್ದರು. ಸಿಸ್ಟಮ್ ಕೆಟ್ಟರೂ ಇವು ಕೆಡಬಾರದೆಂಬ ಮುಂದಾಲೋಚನೆ ಅವರದು. ಅನಂತರ ಅವರಿಗೆ ವರ್ಗವಾಯಿತು.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಹೊಸ ಆವೃತ್ತಿಯ ಸಿಸ್ಟಮ್ ಹಾಕಿಸುವ ಕೆಲಸ ಬಂತು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆ ಹೊಸತಲ್ಲ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯ ರೂಪ ತಳೆಯಿತು. ಉಬುಂಟು ಆಧಾರಿತವಾದ ಅದರ ಸಿಸ್ಟಮ್ಮೇ ನಮ್ಮ ಮಕ್ಕಳು ಕಲಿಯುವ ಯಂತ್ರಗಳಲ್ಲಿರುವುದು. ಕೆಲಸಕ್ಕೆ ಬಂದ ಯುವಕ ಶ್ರದ್ಧೆಯುಳ್ಳವನು. ಹೋಮ್ ಫೋಲ್ಡರಿನಲ್ಲಿದ್ದುದೆಲ್ಲವನ್ನೂ ಪೆನ್‌ಡ್ರೈವಿಗೆ ನಕಲಿಸಿಕೊಂಡು, ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಸರ್, ಇನ್ನೇನಾದರೂ ಉಳಿಸಬೇಕಾದ್ದು ಉಂಟಾ?" ಎಂದು ಕೇಳಿದ. ನಾನು ಸಂಬಳದ ಬಿಲ್ಲಿಗೆ ಸಹಿ ಹಾಕುತ್ತಿದ್ದೆ. ತಲೆಯೆತ್ತದೆಯೇ, "ಏನೂ ಇಲ್ಲ, ಮಾಡಿ" ಎಂದೆ.

ಇಡೀ ಡಿಸ್ಕನ್ನು ಅಳಿಸಿ ಹೊಸತಾಗಿ ಸ್ಥಾಪಿಸು ಎಂಬ ಆಯ್ಕೆಯನ್ನು ಅವನು ಒತ್ತಿದ. ಇಪ್ಪತ್ತೈದು ನಿಮಿಷಗಳಲ್ಲಿ ಹೊಸ ಸಿಸ್ಟಮ್ ಸಿದ್ಧವಾಯಿತು. ಕನ್ನಡ ಕೀಲಿಮಣೆಯೂ ಚೆನ್ನಾಗಿ ಕೆಲಸ ಮಾಡಿತು. ಏನು ಹೋಯಿತೆಂಬುದು ಮುಂದಿನ ಪರೀಕ್ಷೆಯ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿದಾಗ ತಿಳಿಯಿತು.

ಅವನ ಕಣ್ಣಿಗೆ ಅದು ಬೀಳದೇ ಹೋದುದೇಕೆಂದು ಅನಂತರ ವಿಚಾರಿಸಿದೆ. ಆ ಮೂರನೆಯ ಪಾಲು ಅಂದು ತೆರೆದಿರಲಿಲ್ಲ. ಲಿನಕ್ಸಿನಲ್ಲಿ ಒಂದು ಪಾಲನ್ನು ಬಳಸಬೇಕಾದರೆ ಅದನ್ನು ಸಿಸ್ಟಮ್ಮಿನ ಒಂದು ಫೋಲ್ಡರಿಗೆ ಜೋಡಿಸಬೇಕು. ಇದಕ್ಕೆ ಮೌಂಟ್ ಮಾಡುವುದೆಂದು ಹೆಸರು. ಆ ಅಧ್ಯಾಪಕರು ಬೇಕಾದಾಗ ಒತ್ತಿ ತೆರೆಯುತ್ತಿದ್ದರು, ಯಂತ್ರ ಆರಿಸಿದೊಡನೆ ಜೋಡಣೆ ಕಳಚುತ್ತಿತ್ತು. ಯುವಕ ಡಿ, ಎಫ್ ಎಂಬ ಕಮಾಂಡ್ ಕೊಟ್ಟು ಪರೀಕ್ಷಿಸಿದ್ದನಂತೆ. ಆದರೆ ಡಿಎಫ್ ತೋರಿಸುವುದು ಜೋಡಿಸಿದ ಪಾಲುಗಳ ಲೆಕ್ಕವನ್ನು ಮಾತ್ರ. ಜೋಡಿಸದಿದ್ದುದು ಅದರ ಪಟ್ಟಿಗೆ ಬರುವುದಿಲ್ಲ. ಇಲ್ಲದಿರುವುದಕ್ಕೂ ಕಾಣದಿರುವುದಕ್ಕೂ ನಡುವಿನ ಅಂತರವನ್ನು ಜನಗಣತಿಯ ಕಾಲದಲ್ಲಿ ಭಾಷೆಯ ಕಾಲಮ್ಮಿನ ಬಗ್ಗೆ ಭಾಷಣ ಮಾಡಿದ ನಾನೇ ಅಂದು ಮರೆತಿದ್ದೆ.

ಅಂದು ಐದೇ ಅಕ್ಷರಗಳು ಸಾಕಾಗಿದ್ದವು. ಕಂಟ್ರೋಲ್, ಆಲ್ಟ್, ಟಿ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಅಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಲ್, ಎಸ್, ಬಿ, ಎಲ್, ಕೆ ಎಂದು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಬೇಕು. ಪಾಸ್‌ವರ್ಡ್ ಬೇಕಿಲ್ಲ, ಯಾವ ಅಪಾಯವೂ ಇಲ್ಲ. ಅದು ನೋಡುತ್ತದೆ, ಮುಟ್ಟುವುದಿಲ್ಲ. ಜೋಡಿಸಿದ್ದು, ಜೋಡಿಸದ್ದು ಎಂಬ ಭೇದವಿಲ್ಲದೆ ಎಲ್ಲ ಡಿಸ್ಕುಗಳನ್ನೂ, ಅವುಗಳ ಕೆಳಗೆ ಕೊಂಬೆಗಳಂತೆ ಪಾಲುಗಳನ್ನೂ ತೋರಿಸುತ್ತದೆ. ನಮ್ಮ ಆ ಯಂತ್ರದಲ್ಲಿ ಅದು ಹೀಗೆ ಕಾಣುತ್ತಿತ್ತು: ಮೊದಲು ಎಸ್‌ಡಿಎ, ಗಾತ್ರ 465.8ಜಿ, ಬಗೆ ಡಿಸ್ಕ್. ಅದರ ಕೆಳಗೆ ಎಸ್‌ಡಿಎ1, 93ಜಿ, ಜೋಡಣೆಯ ಕಾಲಮ್ಮಿನಲ್ಲಿ ಒಂದು ಓರೆಗೆರೆ, ಅಂದರೆ ಸಿಸ್ಟಮ್ ಇರುವ ಪಾಲು. ಬಳಿಕ ಎಸ್‌ಡಿಎ2, 4ಜಿ, ಸ್ವಾಪ್. ಕೊನೆಗೆ ಎಸ್‌ಡಿಎ3, 368.8ಜಿ, ಜೋಡಣೆಯ ಕಾಲಮ್ ಖಾಲಿ. ಡಿಸ್ಕಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜಾಗ ಒಂದೇ ಪಾಲಿನಲ್ಲಿದ್ದು ಅದರ ಮುಂದೆ ಏನೂ ಬರೆದಿಲ್ಲವೆಂದರೆ, ಏಳನೆಯ ತರಗತಿಯ ಮಗುವೂ "ಇದರೊಳಗೆ ಏನುಂಟು?" ಎಂದು ಕೇಳುತ್ತದೆ. ಆ ಪ್ರಶ್ನೆಯೊಂದು ಹುಟ್ಟಿದ್ದರೆ ಸಾಕಿತ್ತು.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. "ಕನ್ನಡ ಮಾಧ್ಯಮದಲ್ಲಿ ಓದಿದರೆ ಕಂಪ್ಯೂಟರ್ ಬರುವುದಿಲ್ಲ, ಆದ್ದರಿಂದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದೆವು" ಎಂದು ನಿಮ್ಮಲ್ಲಿ ಅನೇಕರು ನನ್ನೆದುರಿಗೇ ಹೇಳಿದ್ದೀರಿ. ಟಿ.ಸಿ.ಗೆ ಸಹಿ ಹಾಕಿದವನೂ ನಾನೇ. ನನ್ನದು ಒಂದೇ ಪ್ರಶ್ನೆ: ಎಸ್‌ಡಿಎ3 ಎಂಬುದು ಯಾವ ಮಾಧ್ಯಮದ ಮಗುವಿಗೆ ತಾನಾಗಿ ಅರ್ಥವಾಗುತ್ತದೆ? ಅದು ಇಂಗ್ಲಿಷ್ ಅಕ್ಷರಗಳಲ್ಲಿದೆಯೇ ಹೊರತು ಇಂಗ್ಲಿಷ್ ಭಾಷೆಯಲ್ಲಿಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗೂ ಯಾರಾದರೂ ಬಿಡಿಸಿ ಹೇಳಲೇಬೇಕು. ಬಿಡಿಸಿ ಹೇಳುವ ಮಾತು ಮನೆಯ ಮಾತಿಗೆ ಹತ್ತಿರವಾದಷ್ಟೂ ತಿಳಿವು ಬೇಗ ಆಗುತ್ತದೆ. ಕೇರಳದಲ್ಲಿ ಐಸಿಟಿಯ ಪಠ್ಯಪುಸ್ತಕ ಕನ್ನಡದಲ್ಲಿಯೂ ಅಚ್ಚಾಗುತ್ತದೆ ಎಂಬುದನ್ನು ತಿಳಿಯದ ಹೆತ್ತವರು ನಮ್ಮ ನಡುವೆಯೇ ಇದ್ದಾರೆ.

ಡಿಸ್ಕಿನ ಪಾಲುಗಳನ್ನು ವಿವರಿಸಲು ಕನ್ನಡದಲ್ಲಿ ಪದಗಳಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕಾಗಿ ಸಂಸ್ಕೃತದ ಐದಕ್ಷರದ ಹೊಸ ಸಮಾಸಗಳನ್ನು ಹೊಸೆಯುವ ಅಗತ್ಯವೂ ಇಲ್ಲ. ಅಡಕೆ ತೋಟದ ಪಾಲು ನಡೆದ ಮನೆಯಲ್ಲಿ ಬೆಳೆದ ಮಗುವಿಗೆ ಪಾಲು, ಗಡಿ, ಸರ್ವೆ, ಪಾಲುಪಟ್ಟಿ ಎಂಬ ಮಾತುಗಳು ಗೊತ್ತು. ಜತ್ತ, ಅಕ್ಕಲಕೋಟೆಯ ಕಡೆಯವರು ವಾಟಣಿ ಎನ್ನಬಹುದು, ಹೊಸೂರಿನ ಕಡೆಯವರು ಭಾಗ ಎನ್ನಬಹುದು, ವಸ್ತು ಒಂದೇ. ಒಟ್ಟು ಜಾಗ ಡಿಸ್ಕು. ಯಾರಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ಚೀಟಿ ಪಾರ್ಟಿಷನ್ ಟೇಬಲ್, ಅಂದರೆ ಪಾಲುಪಟ್ಟಿ. ತೋಟದಲ್ಲಿ ಮರಗಳು ಎಷ್ಟೇ ಇರಲಿ, ಪಾಲುಪಟ್ಟಿ ಹರಿದುಹೋದರೆ ಯಾವುದು ಯಾರದೆಂದು ಹೇಳುವವರಿಲ್ಲ. ಡಿಸ್ಕಿನಲ್ಲಿಯೂ ಹಾಗೆಯೇ. ಪಟ್ಟಿ ಅಳಿದ ಕ್ಷಣದಲ್ಲಿ ಒಳಗಿನ ಕಡತಗಳು ಅಳಿಯುವುದಿಲ್ಲ, ಆದರೆ ಅಲ್ಲಿಗೆ ಹೋಗುವ ದಾರಿ ತಪ್ಪುತ್ತದೆ.

ಆ ಪಟ್ಟಿ ಎಷ್ಟು ಚಿಕ್ಕದೆಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು. ಹಳೆಯ ಪದ್ಧತಿಯಲ್ಲಿ, ಅಂದರೆ ಎಂಬಿಆರ್ ಎಂಬುದರಲ್ಲಿ, ಡಿಸ್ಕಿನ ಮೊತ್ತಮೊದಲ 512 ಬೈಟುಗಳ ತುಣುಕಿನೊಳಗೆ 64 ಬೈಟುಗಳಷ್ಟೇ ಜಾಗ ಅದಕ್ಕೆ. ಪಾಲೊಂದಕ್ಕೆ 16ರಂತೆ ನಾಲ್ಕು ಪಾಲು. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವನ್ನು ಕಡತದಲ್ಲಿ ಬರೆಯಲು ಸಾಮಾನ್ಯವಾಗಿ ಮೂರು ಬೈಟು ಬೇಕು. ಎಂದರೆ 21 ಸಂಕೇತಗಳ ಒಂದು ಪುಟ್ಟ ಕನ್ನಡ ವಾಕ್ಯದಷ್ಟು ಜಾಗದಲ್ಲಿ ಇಡೀ ಡಿಸ್ಕಿನ ವ್ಯವಸ್ಥೆ ಅಡಗಿದೆ. ನಾಲ್ಕಕ್ಕಿಂತ ಹೆಚ್ಚು ಪಾಲು ಬೇಕಾದರೆ ಒಂದನ್ನು ದೊಡ್ಡ ಆವರಣವಾಗಿ ಮಾಡಿ ಅದರೊಳಗೆ ಮತ್ತೆ ಪಾಲು ಮಾಡುತ್ತಿದ್ದರು. ಅವುಗಳ ಸಂಖ್ಯೆ ಐದರಿಂದ ಆರಂಭವಾಗುತ್ತದೆ. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದ್ದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ.

ನಿಮ್ಮ ಯಂತ್ರದ್ದು ಯಾವ ಪದ್ಧತಿಯೆಂದು ತಿಳಿಯಲು ಇನ್ನೊಂದು ಕಮಾಂಡ್ ಇದೆ: ಸುಡೊ, ಜಾಗ, ಎಫ್‌ಡಿಸ್ಕ್, ಜಾಗ, ಅಡ್ಡಗೆರೆ, ಎಲ್. ಇದಕ್ಕೆ ಪಾಸ್‌ವರ್ಡ್ ಬೇಕು. ಡಿಸ್ಕ್‌ಲೇಬಲ್ ಬಗೆ ಎಂಬ ಸಾಲಿನಲ್ಲಿ ಡಾಸ್ ಎಂದಿದ್ದರೆ ಹಳೆಯದು, ಜಿಪಿಟಿ ಎಂದಿದ್ದರೆ ಹೊಸತು. ಪ್ರತಿ ಪಾಲಿನ ಆರಂಭ, ಅಂತ್ಯ, ಗಾತ್ರ, ಬಗೆ ಎಲ್ಲವೂ ಸಾಲಾಗಿ ಬರುತ್ತವೆ, ಅಳತೆ ಸೆಕ್ಟರುಗಳಲ್ಲಿ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕೊನೆಯ ಎಲ್ ಅಕ್ಷರವನ್ನು ಬಿಟ್ಟು, ಅದರ ಜಾಗದಲ್ಲಿ ಡಿಸ್ಕಿನ ಹೆಸರು ಬರೆದರೆ ಅದೇ ಎಫ್‌ಡಿಸ್ಕ್ ಪಾಲುಗಳನ್ನು ತಿದ್ದುವ ಸಲಕರಣೆಯಾಗಿಬಿಡುತ್ತದೆ. ಅರಿಯದೆ ಒಳಹೊಕ್ಕರೆ ಕ್ಯೂ ಒತ್ತಿ ಹೊರಬನ್ನಿ. ಡಬ್ಲ್ಯೂ ಒತ್ತುವವರೆಗೆ ಡಿಸ್ಕಿನ ಮೇಲೆ ಏನೂ ಬರೆಯಲ್ಪಡುವುದಿಲ್ಲ. ನೋಡುವ ಕಮಾಂಡ್ ಯಾವುದು, ತಿದ್ದುವ ಕಮಾಂಡ್ ಯಾವುದು ಎಂಬ ವಿವೇಕವೇ ಇಲ್ಲಿ ಪಾಠದ ತಿರುಳು. ಅದನ್ನು ಅರ್ಧಮರ್ಧ ತಿಳಿದ ಭಾಷೆಯಲ್ಲಿ ಕಲಿಸುವುದು ಅಪಾಯಕಾರಿ ಎಂದೇ ನನ್ನ ವಾದ.

ಗಾತ್ರದ ಬಗೆಗೆ ಒಂದು ಮಾತು, ಏಕೆಂದರೆ ಇದು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಜಗಳಕ್ಕೆ ಕಾರಣವಾದುದನ್ನು ಕಂಡಿದ್ದೇನೆ. 500 ಜಿಬಿ ಎಂದು ಬಿಲ್ಲಿನಲ್ಲಿರುವ ಡಿಸ್ಕು 465.8 ಎಂದು ತೋರಿದಾಗ ಅಂಗಡಿಯವನು ಮೋಸ ಮಾಡಿದನೆಂದು ಸದಸ್ಯರೊಬ್ಬರು ಎದ್ದುನಿಂತರು. ಮೋಸವಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಈ ಕಮಾಂಡ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಸೇರಿನ ಅಳತೆಗೂ ಕಿಲೋದ ಅಳತೆಗೂ ಇರುವ ವ್ಯತ್ಯಾಸದಂತೆ.

"ಚಿತ್ರದಲ್ಲಿ ತೋರಿಸುವ ಡಿಸ್ಕ್ಸ್ ಎಂಬ ಅಪ್ಲಿಕೇಶನ್ ಇರುವಾಗ ಈ ಅಕ್ಷರಗಳ ಗೋಜು ಏಕೆ ಮಾಷ್ಟ್ರೇ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಚಿತ್ರ ಇರುವಲ್ಲಿ ಚಿತ್ರ ನೋಡಿ, ಬೇಡವೆನ್ನುವುದಿಲ್ಲ. ಆದರೆ ನಮ್ಮ ಶಾಲೆಗಳ ಸ್ಥಿತಿಯನ್ನು ನೆನೆಯಿರಿ. ಕನ್ನಡ ಬಲ್ಲ, ಯಂತ್ರವನ್ನೂ ಬಲ್ಲ ಅಧ್ಯಾಪಕ ಹತ್ತು ಶಾಲೆಗೆ ಒಬ್ಬ ಸಿಕ್ಕರೆ ಪುಣ್ಯ. ಅವನು ಉಪ್ಪಳದಲ್ಲಿದ್ದರೆ ಯಂತ್ರ ಕೆಡುವುದು ಅಡೂರಿನಲ್ಲಿ. ಚಿತ್ರವನ್ನು ದೂರವಾಣಿಯಲ್ಲಿ ವರ್ಣಿಸಲಾಗದು, ಕಮಾಂಡನ್ನು ಅಕ್ಷರ ಅಕ್ಷರವಾಗಿ ಹೇಳಬಹುದು. ಇತ್ತಲಿನ ಮಗು ಬಂದ ಉತ್ತರವನ್ನು ಸಾಲು ಸಾಲಾಗಿ ಓದಿ ಹೇಳಬಹುದು. ಈ ವರ್ಷ ನಾನೇ ಹೀಗೆ ಎರಡು ಶಾಲೆಗಳ ಮಕ್ಕಳೊಡನೆ ಮಾತನಾಡಿದ್ದೇನೆ. ಒಬ್ಬ ಹುಡುಗಿ, "ಸರ್, ಲೂಪ್ ಲೂಪ್ ಎಂದು ತುಂಬ ಸಾಲು ಉಂಟು" ಎಂದು ಗಾಬರಿಯಾದಳು. ಅವು ಕೆಲವು ಅಪ್ಲಿಕೇಶನ್‌ಗಳ ಕಟ್ಟುಗಳು, ಡಿಸ್ಕಿನ ಪಾಲುಗಳಲ್ಲ, ದಾಟಿಸಿ ಓದು ಎಂದೆ. ಎಸ್‌ಡಿಬಿ ಎಂಬ ಸಾಲಿನಲ್ಲಿ ಆರ್‌ಎಂ ಕಾಲಮ್ಮಿನ ಕೆಳಗೆ 1 ಇದೆಯೆಂದು ತಾನೇ ಗಮನಿಸಿ, "ಇದು ಪೆನ್‌ಡ್ರೈವ್ ಅಲ್ವಾ?" ಎಂದಳು. ಹೌದು, ತೆಗೆಯಬಹುದಾದದ್ದು ಎಂಬುದರ ಗುರುತು ಅದು. ಅವಳು ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯವಳು, ಲಿಟಲ್ ಕೈಟ್ಸ್ ಸದಸ್ಯೆ.

ತಾಳವಾಡಿಯಲ್ಲೋ ಅಕ್ಕಲಕೋಟೆಯಲ್ಲೋ ಇದನ್ನು ಓದುತ್ತಿರುವವರ ಶಾಲೆಗಳಲ್ಲಿ ವಿಂಡೋಸ್ ಇರಬಹುದು. ಅಲ್ಲಿ ಡಿಸ್ಕ್‌ಪಾರ್ಟ್ ಎಂಬ ಕಮಾಂಡಿನೊಳಗೆ ಹೋಗಿ ಲಿಸ್ಟ್ ಡಿಸ್ಕ್ ಎಂದೂ, ಸೆಲೆಕ್ಟ್ ಡಿಸ್ಕ್ ಎಂದು ಸಂಖ್ಯೆ ಕೊಟ್ಟ ಬಳಿಕ ಲಿಸ್ಟ್ ಪಾರ್ಟಿಷನ್ ಎಂದೂ ಕೇಳಿದರೆ ಪಟ್ಟಿ ಬರುತ್ತದೆ. ಆದರೆ ಅದೇ ಸ್ಥಳದಲ್ಲಿ ಕ್ಲೀನ್ ಎಂಬ ಪದ ಬರೆದರೆ ಆಯ್ದ ಡಿಸ್ಕಿನ ಪಾಲುಪಟ್ಟಿ ಹೋಗುತ್ತದೆ, "ಖಚಿತವೇ?" ಎಂದೂ ಕೇಳುವುದಿಲ್ಲ. ಆದ್ದರಿಂದ ಅಲ್ಲಿ ಹಿರಿಯರೊಬ್ಬರು ಬಳಿಯಲ್ಲಿರಲಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ, ಶಾಲೆಯ ಸ್ಟಾಕ್ ರಿಜಿಸ್ಟರಿನಲ್ಲಿ ಪ್ರತಿ ಯಂತ್ರಕ್ಕೆ ಒಂದು ಪುಟ ಮೀಸಲಿಡುವಂತೆ ಕೇಳಿ. ಆ ಪುಟದಲ್ಲಿ ಮಕ್ಕಳೇ ಆ ಐದಕ್ಷರದ ಕಮಾಂಡ್ ಕೊಟ್ಟು ಬಂದುದನ್ನು ಕೈಯಲ್ಲಿ ಬರೆಯಲಿ. ಎದುರಿಗೆ ಕನ್ನಡದಲ್ಲಿ, ಇದು ಸಿಸ್ಟಮ್, ಇದು ಪ್ರಶ್ನೆಪತ್ರಿಕೆ, ಇದು ಧ್ವನಿಮುದ್ರಣ ಎಂದು ಟಿಪ್ಪಣಿ ಇರಲಿ, ದಿನಾಂಕವೂ ಇರಲಿ. ಯಾರೇ ಬಂದು ಸಿಸ್ಟಮ್ ಹೊಸತು ಮಾಡುವುದಾದರೂ ಆ ಪುಟವನ್ನು ನೋಡಿ, ಯಂತ್ರದಲ್ಲಿ ಮತ್ತೊಮ್ಮೆ ಕಮಾಂಡ್ ಕೊಟ್ಟು ತಾಳೆ ಮಾಡಿ, ಮುಖ್ಯೋಪಾಧ್ಯಾಯರು ತಲೆಯೆತ್ತಿ ನೋಡಿ ಸಹಿ ಹಾಕಿದ ಮೇಲೆಯೇ ಕೆಲಸ ಆರಂಭಿಸಲಿ. ಇದಕ್ಕೆ ಸರ್ಕಾರದ ಆದೇಶ ಬೇಡ, ಹಣ ಬೇಡ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ, ಅದಕ್ಕಾಗಿ ಮನವಿಗಳನ್ನು ಬರೆಯುತ್ತಲೇ ಇರೋಣ. ಈ ಪುಟ ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಪಾಲುಗಳನ್ನು ಬೇರೆಯಾಗಿ ಮಾಡಿದ ಮಾತ್ರಕ್ಕೆ ಕಡತ ಸುರಕ್ಷಿತವೆಂದೂ ತಿಳಿಯಬೇಡಿ. ಡಿಸ್ಕೇ ಕೆಟ್ಟರೆ ಎಲ್ಲ ಪಾಲೂ ಒಟ್ಟಿಗೆ ಹೋಗುತ್ತದೆ. ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಲೇಬೇಕು.

ಕಳೆದುಹೋದುದನ್ನು ಮರಳಿ ಪಡೆಯಲು ಯತ್ನಿಸದೆ ಇರಲಿಲ್ಲ. ಆ ಹಳೆಯ ವಿದ್ಯಾರ್ಥಿಯೇ ಡಿಸ್ಕನ್ನು ಬಿಚ್ಚಿ ಒಯ್ದು, ಟೆಸ್ಟ್‌ಡಿಸ್ಕ್ ಎಂಬ ಸಲಕರಣೆಯಿಂದ ಹಳೆಯ ಪಾಲಿನ ಗಡಿಗಳನ್ನು ಹುಡುಕಿದ. ಅಷ್ಟರಲ್ಲಿ ಹೊಸ ಸಿಸ್ಟಮ್ ಅದರ ಮೇಲೆ ತಿಂಗಳುಗಟ್ಟಲೆ ಬರೆದಿತ್ತು. ಪಾಲು ಸಿಗಲಿಲ್ಲ. ಬಳಿಕ ಫೋಟೊರೆಕ್ ಎಂಬುದನ್ನು ಎರಡು ರಾತ್ರಿ ಓಡಿಸಿದ. ಅದು ಪಟ್ಟಿಯನ್ನು ನೋಡದೆ, ಡಿಸ್ಕಿನಲ್ಲಿ ಬಿದ್ದಿರುವ ಕಡತಗಳನ್ನು ಅವುಗಳ ಮುಖಚಹರೆಯಿಂದಲೇ ಗುರುತಿಸಿ ಎತ್ತುತ್ತದೆ. ಆದರೆ ಕಡತದ ಹೆಸರು ಸಿಗುವುದಿಲ್ಲ, ಬರಿಯ ಸಂಖ್ಯೆ. ಪ್ರಶ್ನೆಪತ್ರಿಕೆಗಳಲ್ಲಿ ಕೆಲವು ತೆರೆದವು. ಧ್ವನಿಮುದ್ರಣಗಳಲ್ಲಿ ಮೂವತ್ತೊಂದು ಸಿಕ್ಕವು. ಅರ್ಥಧಾರಿಗಳ ಮಾತು ಸಿಗಲಿಲ್ಲ.

ಆ ಮೂವತ್ತೊಂದನ್ನೂ ಕೇಳಿದ್ದೇನೆ. ಯಾರೋ ಒಬ್ಬ ಅಜ್ಜಿ ತೊಟ್ಟಿಲ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, "ಮುಂದಿನದ್ದು ಮರೆತುಹೋಯಿತು ಮಗಾ" ಎಂದು ನಗುತ್ತಾರೆ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತದೆ. ಯಾರ ಅಜ್ಜಿಯೆಂದು ನನಗೆ ತಿಳಿಯದು. ಮಕ್ಕಳು ಕಡತದ ಹೆಸರಿನಲ್ಲಿಯೇ ತಮ್ಮ ಹೆಸರು, ಅಜ್ಜಿಯ ಹೆಸರು, ಊರು ಬರೆದಿದ್ದರು. ಇದುವರೆಗೆ ಏಳನ್ನು ಗುರುತಿಸಿದ್ದೇವೆ. ಆ ಮೂರು ವರ್ಷಗಳಲ್ಲಿ ನನ್ನಲ್ಲಿ ಎಂಟನೆಯ ತರಗತಿ ಓದಿದವರು ಇಂದು ಹೆತ್ತವರಾಗಿ ಈ ಬರಹವನ್ನು ಓದುತ್ತಿರಬಹುದು. ಉಳಿದ ಇಪ್ಪತ್ತನಾಲ್ಕು ನನ್ನ ಬಳಿ ಇವೆ, ಎರಡು ಡಿಸ್ಕುಗಳಲ್ಲಿ. ಒಂದು ಸಂಜೆ ಮನೆಗೆ ಬಂದು ಕೇಳಿ ಹೋಗಿ.